ದೇವಸ್ವದ ವ್ಯಾಜ್ಯಗಳು: ಮಂಡ್ಯ ಸೀಮೆಯ ನಾಲ್ಕು ತಾಲ್ಲೂಕುಗಳ ಒಂದು ಸಮೀಕ್ಷೆ

ಕಾವೇರಿ, ಹೇಮಾವತಿ, ಲೋಕಪಾವನಿಗಳು ಹರಿಯುವ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳೆಂಬ ನಾಲ್ಕು ತಾಲ್ಲೂಕುಗಳಲ್ಲಿ ದೇವರ ಹೆಸರಿಗೆ ಬಿಟ್ಟ ನೆಲವಿಲ್ಲದ ಊರನ್ನು ಕಾಣುವುದು ದುರ್ಲಭ. ಗದ್ದೆಯ ಬಯಲಿನಲ್ಲಿ ನಂದಾದೀಪದ ಮಾನ್ಯ, ಕೆರೆಯ ಕೆಳಗೆ ಅರ್ಚಕರ ಇನಾಮು, ಊರ ಹೊರಗೆ ಜಾತ್ರೆಯ ಮಾಳ, ಕೋಟೆಯ ಮಗ್ಗುಲಲ್ಲಿ ಮಸೀದಿಗೆ ಸೇರಿದ ಖಬರಸ್ತಾನ, ಬೆಟ್ಟದ ತಪ್ಪಲಲ್ಲಿ ಮಠದ ಜಮೀನು, ಬಂಡೆಯ ಮೇಲಣ ಬಸದಿಗೆ ಹಿಂದಿನವರು ಬಿಟ್ಟ ಹೊಲ, ಇವೆಲ್ಲವೂ ಅನೇಕ ಶತಮಾನಗಳ ಶ್ರದ್ಧೆಯಿಂದ ಕೂಡಿಬಂದ ಸಂಪತ್ತು. ಆದರೆ ಇಷ್ಟು ಶ್ರದ್ಧೆಯಿಂದ ಕೂಡಿಬಂದ ಈ ಸಂಪತ್ತೇ ಇಂದು ತಾಲ್ಲೂಕು ಕಚೇರಿಯಿಂದ ಉಚ್ಚ ನ್ಯಾಯಾಲಯದವರೆಗೆ ಅಸಂಖ್ಯಾತ ವ್ಯಾಜ್ಯಗಳಿಗೆ ಮೂಲವಾಗಿದೆ. ಅರ್ಚಕರ ಮನೆತನಕ್ಕೂ ಊರಿನ ಒಕ್ಕಲಿಗೂ, ಒಂದು ಪಂಗಡಕ್ಕೂ ಇನ್ನೊಂದಕ್ಕೂ, ರೈತನಿಗೂ ವಕ್ಫ್ ಮಂಡಳಿಗೂ, ಭಕ್ತರಿಗೂ ಪುರಾತತ್ತ್ವ ಇಲಾಖೆಗೂ ನಡುವೆ ನಡೆಯುತ್ತಿರುವ ಈ ವ್ಯಾಜ್ಯಗಳನ್ನು ಬಿಡಿಬಿಡಿಯಾಗಿ ನೋಡಿದವರಿಗೆ ಅವು ಮತದ್ವೇಷದಿಂದಲೋ ಧನಲೋಭದಿಂದಲೋ ಹುಟ್ಟಿದುವೆಂದು ತೋರುವುದು ಸಹಜ. ಒಟ್ಟಾಗಿ ನೋಡಿದಾಗ ನನಗೆ ಬೇರೊಂದು ಕಾರಣ ಕಾಣುತ್ತದೆ. ದಾನ ಕೊಟ್ಟವರು ಆ ನೆಲದಿಂದ ಏನು ನಡೆಯಬೇಕೆಂಬುದನ್ನು ಕಲ್ಲಿನಲ್ಲಿ ಬರೆಯಿಸಿದರು. ಅವರ ನಂತರ ಬಂದ ಸರ್ಕಾರಗಳು ಆ ನೆಲ ಯಾರದೆಂಬುದನ್ನು ಮಾತ್ರ ಕಾಗದದಲ್ಲಿ ಬರೆದುಕೊಂಡುವು. ಈ ಎರಡು ಬರೆಹಗಳ ನಡುವಣ ಅಂತರದಲ್ಲಿಯೇ ನಮ್ಮ ಬಹುಪಾಲು ದಾವೆಗಳು ಹುಟ್ಟಿ ಬೆಳೆದಿವೆ.

ಹಳೆಯ ದಾನಗಳ ಸ್ವರೂಪವನ್ನು ಮೊದಲು ಗಮನಿಸಬೇಕು. ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ 1171ರಲ್ಲಿ ಬ್ರಹ್ಮೇಶ್ವರ ದೇವಾಲಯವನ್ನು ಕಟ್ಟಿಸಿದವಳು ಬಮ್ಮವ್ವೆ ನಾಯಕಿತಿ ಎಂಬ ಸ್ತ್ರೀ. ಹೊಯ್ಸಳರ ಕಾಲದಲ್ಲಿ ದೇವಾಲಯವನ್ನು ಕಟ್ಟಿಸುವುದೆಂದರೆ ಕಲ್ಲಿನ ಕಟ್ಟಡವನ್ನು ಎತ್ತಿ ನಿಲ್ಲಿಸುವುದಷ್ಟೇ ಆಗಿರಲಿಲ್ಲ. ಅದರ ಅಂಗಭೋಗ ರಂಗಭೋಗಗಳಿಗೆ, ನೈವೇದ್ಯಕ್ಕೆ, ಜೀರ್ಣೋದ್ಧಾರಕ್ಕೆ, ಅಲ್ಲಿ ಉಣ್ಣುವ ತಪೋಧನರ ಆಹಾರದಾನಕ್ಕೆ ಇಂತಿಷ್ಟು ಗದ್ದೆ ಇಂತಿಷ್ಟು ಬೆದ್ದಲೆಂದು ವಿಂಗಡಿಸಿ, ಎಲ್ಲೆಗಳನ್ನು ಗುರುತಿಸಿ, ಸಾಕ್ಷಿಗಳ ಸಮ್ಮುಖದಲ್ಲಿ ಧಾರೆಯೆರೆದು ಕೊಡುವುದೂ ಅದರಲ್ಲಿ ಸೇರಿದ್ದಿತು. ಆ ಶಾಸನಗಳಲ್ಲಿ ಸ್ವಾಮ್ಯದ ಮಾತು ಸ್ವಲ್ಪ, ವಿನಿಯೋಗದ ಮಾತು ವಿಸ್ತಾರ. ದಾನವನ್ನು ಅಳುಪಿದವನಿಗೆ ಶಾಪವಿದ್ದಿತೇ ಹೊರತು ದಾನದ ಒಡೆಯನಾರೆಂಬ ಪ್ರಶ್ನೆಗೆ ಪ್ರತ್ಯೇಕವಾದ ಉತ್ತರವಿರಲಿಲ್ಲ, ಏಕೆಂದರೆ ಆ ಪ್ರಶ್ನೆಯೇ ಅಂದಿನವರಿಗೆ ಮುಖ್ಯವೆನಿಸಿರಲಿಲ್ಲ.

ಹಾಗೆಂದು ಅಂದು ವಿವಾದಗಳಿರಲಿಲ್ಲವೆಂದು ಭಾವಿಸಿದರೆ ಇತಿಹಾಸಕ್ಕೆ ಅಪಚಾರವಾದೀತು. ನಾಗಮಂಗಲದ ತಿಮ್ಮಣ್ಣನೆಂಬ ಹೆಬ್ಬಾರನು 1454ರಲ್ಲಿ ವಿಜಯನಗರದ ಅರಸರಿಂದ ದಣ್ಣಾಯಕ ಪದವಿಯನ್ನು ಪಡೆದು ಶ್ರೀರಂಗಪಟ್ಟಣದಲ್ಲಿ ಕೋಟೆಯನ್ನು ಕಟ್ಟಿಸಿ ರಂಗನಾಥನ ದೇವಾಲಯವನ್ನು ವಿಸ್ತರಿಸಿದನೆಂದೂ, ಅದಕ್ಕೆ ಬೇಕಾದ ಕಲ್ಲುಗಳನ್ನು ಕಳಸವಾಡಿಯ ನೂರೊಂದು ಬಸದಿಗಳಿಂದ ತೆಗೆದನೆಂದೂ ಐತಿಹ್ಯವಿದೆ. ಮೇಲುಕೋಟೆಯ ದೇವಾಲಯದ ಜೀರ್ಣೋದ್ಧಾರವೂ ಅದೇ ಕಾಲದಲ್ಲಿ, 1458ರಲ್ಲಿ, ನಾಗಮಂಗಲದ ತಿಮ್ಮಣ್ಣ ದಣ್ಣಾಯಕನಿಂದ ನಡೆಯಿತು. ಒಂದು ಸಮುದಾಯದ ಪುಣ್ಯಕಾರ್ಯಕ್ಕೆ ಇನ್ನೊಂದು ಸಮುದಾಯದ ಪುಣ್ಯಸ್ಥಳದ ಕಲ್ಲು ಒದಗಿತೆಂಬ ಈ ಕಥೆ ನಿಜವಾಗಿರಲಿ ಆಗದಿರಲಿ, ಅದನ್ನು ಜನ ಇಷ್ಟು ಕಾಲ ನೆನೆದುಕೊಂಡು ಬಂದಿರುವುದೇ ನಮ್ಮ ಸ್ಥಳಗಳ ಪೂರ್ವಚರಿತ್ರೆ ಎಷ್ಟು ತೊಡಕಿನದೆಂಬುದಕ್ಕೆ ಸಾಕ್ಷಿ.

ಆ ತೊಡಕನ್ನು ಬಿಡಿಸಿದ ಒಂದು ದೃಷ್ಟಾಂತವೂ ನಮ್ಮ ನೆರೆಯಲ್ಲಿಯೇ ಇದೆ. ಅದನ್ನು ಸಾವಕಾಶವಾಗಿ ನೋಡತಕ್ಕದ್ದು. ಕೃಷ್ಣರಾಜಪೇಟೆಯ ಎಲ್ಲೆಯಾಚೆ ಶ್ರವಣಬೆಳಗೊಳದಲ್ಲಿರುವ 1368ರ ಶಾಸನವು ಬುಕ್ಕರಾಯನ ತೀರ್ಪೊಂದನ್ನು ದಾಖಲಿಸಿದೆ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಪಟ್ಟಣಗಳ ಜೈನರು ಶ್ರೀವೈಷ್ಣವರಿಂದ ತಮಗಾಗುತ್ತಿದ್ದ ಅನ್ಯಾಯವನ್ನು ಅರಸನಲ್ಲಿ ಬಿನ್ನವಿಸಿದಾಗ, ಅವನು ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳವರು ಸೇರಿದಂತೆ ನಾಡಿನ ಶ್ರೀವೈಷ್ಣವ ಪ್ರಮುಖರನ್ನೆಲ್ಲ ಕರೆಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಈ ದರ್ಶನಕ್ಕೂ ಆ ದರ್ಶನಕ್ಕೂ ಭೇದವಿಲ್ಲವೆಂದು ಸಾರಿದನು. ಇಷ್ಟಕ್ಕೇ ನಿಂತಿದ್ದರೆ ಅದೊಂದು ಸದಾಶಯದ ಘೋಷಣೆಯಾಗಿ ಉಳಿಯುತ್ತಿತ್ತು. ಆದರೆ ಆ ತೀರ್ಪು ಒಂದು ನಿಧಿಯನ್ನೂ ಏರ್ಪಡಿಸಿತು: ಜೈನರ ಮನೆಯೊಂದಕ್ಕೆ ವರ್ಷಕ್ಕೊಂದು ಹಣದಂತೆ ಎತ್ತಿ, ಆ ಹಣದಿಂದ ಬೆಳಗೊಳದ ತೀರ್ಥದ ರಕ್ಷಣೆಗೆ ಇಪ್ಪತ್ತು ಮಂದಿ ಕಾವಲಿನವರನ್ನಿಟ್ಟು, ಮಿಕ್ಕುದರಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕೆಂದೂ, ಇದನ್ನು ನಡೆಸುವ ಹೊಣೆ ತಿರುಮಲೆಯ ತಾತಯ್ಯನದೆಂದೂ ಅದು ವಿಧಿಸಿತು. ಜೈನರ ದ್ರವ್ಯಕ್ಕೆ ವೈಷ್ಣವನು ನ್ಯಾಸಧಾರಿ! ಇಂದಿನ ನ್ಯಾಯವಾದಿಗಳಿಗೆ ಇದು ವಿಚಿತ್ರವೆನಿಸಬಹುದು. ಆದರೆ ಆದಾಯದ ಮೂಲವೇನು, ಖರ್ಚಿನ ಉದ್ದೇಶವೇನು, ಮಿಗತೆಯ ಗತಿಯೇನು, ಹೊಣೆಗಾರನಾರು ಎಂಬ ನಾಲ್ಕನ್ನೂ ಸಂದೇಹಕ್ಕೆಡೆಯಿಲ್ಲದಂತೆ ಹೇಳಿದ ಈ ಏರ್ಪಾಡಿನಷ್ಟು ಸ್ಪಷ್ಟವಾದ ನ್ಯಾಸಪತ್ರಗಳು ನಮ್ಮ ಉಪನೋಂದಣಿ ಕಚೇರಿಗಳಲ್ಲಿ ಇಂದೂ ಹೆಚ್ಚಾಗಿ ದೊರೆಯುವುದಿಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾದಮೇಲೆ ರಾಜ್ಯ ಒಡೆಯರ ಮನೆತನಕ್ಕೆ ಮರಳಿತು. ಪೂರ್ಣಯ್ಯನವರ ದಿವಾನಗಿರಿಯಲ್ಲಿಯೂ, 1831ರಿಂದ 1881ರವರೆಗಿನ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿಯೂ ಇನಾಮು ಭೂಮಿಗಳ ವಿಚಾರಣೆ ನಡೆಯಿತು. ದೇವಾದಾಯ, ಧರ್ಮಾದಾಯ, ಬ್ರಹ್ಮಾದಾಯ, ಸರ್ವಮಾನ್ಯ, ಜೋಡಿ ಎಂಬ ವಿಂಗಡಣೆಗಳಾದುವು. ಪ್ರತಿಯೊಂದು ಭೂಮಿಗೂ ಒಬ್ಬ ಇನಾಮ್ದಾರನ ಹೆಸರು ಬರೆಯಲ್ಪಟ್ಟಿತು. ಕಂದಾಯದ ದೃಷ್ಟಿಯಿಂದ ಇದು ಅವಶ್ಯವಾದ ಕಾರ್ಯವೇ. ಆದರೆ ದೇವರ ಹೆಸರಿನ ಬದಲು ಎಷ್ಟೋ ಕಡೆ ಅಂದು ಪೂಜೆ ಮಾಡುತ್ತಿದ್ದ ಅರ್ಚಕನ ಹೆಸರೋ, ಮುತವಲ್ಲಿಯ ಹೆಸರೋ, ಊರ ಶ್ಯಾನುಭೋಗನಿಗೆ ನೆನಪಿದ್ದ ಯಜಮಾನನ ಹೆಸರೋ ದಾಖಲೆಗೆ ಸೇರಿಹೋಯಿತು. ಎರಡು ಮೂರು ತಲೆಗಳು ಕಳೆಯುವಷ್ಟರಲ್ಲಿ ಸೇವೆಗೆಂದು ಬಂದ ಹೆಸರು ಸ್ವಾಮ್ಯದ ಹೆಸರಾಗಿ ಮಾರ್ಪಟ್ಟಿತು; ಮಕ್ಕಳು ಹಿಸ್ಸೆ ಮಾಡಿಕೊಂಡರು, ಮೊಮ್ಮಕ್ಕಳು ಕ್ರಯಕ್ಕೆ ಕೊಟ್ಟರು. ಅವರಲ್ಲಿ ಎಲ್ಲರೂ ವಂಚಕರೆಂದು ಹೇಳಲು ನಾನು ಸಿದ್ಧನಿಲ್ಲ. ತಾತನ ಹೆಸರಿನಲ್ಲಿರುವ ನೆಲವನ್ನು ತನ್ನದೆಂದು ಮೊಮ್ಮಗ ನಂಬಿದ್ದರೆ ಅದು ದಾಖಲೆಯೇ ಅವನಿಗೆ ಕಲಿಸಿದ ಪಾಠ.

ಮೈಸೂರು ಸರ್ಕಾರವು 1927ರಲ್ಲಿ ಧಾರ್ಮಿಕ ಮತ್ತು ಧರ್ಮಾದಾಯ ಸಂಸ್ಥೆಗಳ ಕಾಯಿದೆಯನ್ನು ಜಾರಿಗೆ ತಂದು ಮುಜರಾಯಿ ಇಲಾಖೆಗೆ ಗಟ್ಟಿಯಾದ ತಳಹದಿಯನ್ನು ಒದಗಿಸಿತು. ಧರ್ಮದರ್ಶಿಗಳ ನೇಮಕ, ಲೆಕ್ಕದ ತಪಾಸಣೆ, ಅಮಲ್ದಾರರ ಮೇಲ್ವಿಚಾರಣೆ ಇವೆಲ್ಲ ಕ್ರಮಗೊಂಡುವು. ಆ ಕಾಲದ ಮುಜರಾಯಿ ಸಂಸ್ಥೆಗಳಲ್ಲಿ ಹಿಂದೂ ದೇವಾಲಯಗಳೊಂದಿಗೆ ಕೆಲವು ಮುಸಲ್ಮಾನ ಸಂಸ್ಥೆಗಳೂ ಇದ್ದುವೆಂಬುದು ಇಂದಿನವರು ಮರೆತ ಸಂಗತಿ. ಅದನ್ನು ಮರೆತುದರ ಫಲವನ್ನು ಮುಂದೆ ನೋಡೋಣ.

ಸ್ವಾತಂತ್ರ್ಯಾನಂತರದ ಎರಡು ಕಾಯಿದೆಗಳು ಈ ಸೀಮೆಯ ದೇವಸ್ವದ ಬುಡವನ್ನೇ ಅಲುಗಿಸಿದುವು. 1955ರ ಕಾಯಿದೆಯಿಂದ ಮೈಸೂರಿನ ಧಾರ್ಮಿಕ ಇನಾಮುಗಳು ರದ್ದಾದುವು. ಭೂಸುಧಾರಣಾ ಕಾಯಿದೆಗಾದ ತಿದ್ದುಪಡಿಯ ಮೇರೆಗೆ 1974ರ ಮಾರ್ಚ್ 1ರಂದು ಗೇಣಿದಾರರ ಕೈಯಲ್ಲಿದ್ದ ಜಮೀನುಗಳೆಲ್ಲ ಸರ್ಕಾರದಲ್ಲಿ ನಿಹಿತವಾದುವು. ವಿಶ್ವೇಶ್ವರಯ್ಯ ನಾಲೆಯ ನೀರು ಬಂದು ಬೆಲೆಯೇರಿದ್ದ ಗದ್ದೆಗಳನ್ನು ಉಳುತ್ತಿದ್ದ ರೈತರು 7ನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು ಭೂನ್ಯಾಯಮಂಡಳಿಗಳ ಮುಂದೆ ನಿಂತರು. ತಲೆತಲಾಂತರದಿಂದ ಬೆವರು ಸುರಿಸಿದವನಿಗೆ ನೆಲ ದೊರೆತದ್ದು ನ್ಯಾಯವೇ ಸರಿ. ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಆ ನೆಲದ ಮೇಲೆ ನಿಂತಿದ್ದ ದೀಪ, ನೈವೇದ್ಯ, ಅನ್ನದಾನಗಳಿಗೆ ಬದಲಾಗಿ ಸಂಸ್ಥೆಗಳಿಗೆ ದೊರೆತದ್ದು ನಿಗದಿಯಾದ ವರ್ಷಾಶನ, ಜನ ತಸ್ತೀಕು ಎಂದು ಕರೆಯುವ ಮೊತ್ತ. ಬತ್ತದ ಆದಾಯ ಬೆಲೆಯೊಡನೆ ತಾನೂ ಏರುತ್ತದೆ; ನಿಗದಿಯಾದ ಹಣ ಏರುವುದಿಲ್ಲ. ಸರ್ಕಾರವು ಆಗಾಗ ತಸ್ತೀಕನ್ನು ಹೆಚ್ಚಿಸುತ್ತ ಬಂದಿದ್ದರೂ ಹಳ್ಳಿಯ ಗುಡಿಯ ಅರ್ಚಕನು ಎಣ್ಣೆಗೂ ಬತ್ತಿಗೂ ಕೈಯಿಂದ ಹಾಕಬೇಕಾದ ಸ್ಥಿತಿ ಇಂದಿಗೂ ಹಲವೆಡೆ ತಪ್ಪಿಲ್ಲ.

ಇಲ್ಲಿಂದಲೇ ಅತ್ಯಂತ ಜಟಿಲವಾದ ವ್ಯಾಜ್ಯವರ್ಗವೊಂದು ಹುಟ್ಟಿತು. ಪೂಜೆಯ ಸಂಭಾವನೆಯಾಗಿ ಅರ್ಚಕನೇ ಉಳುತ್ತಿದ್ದ ನೆಲ ಯಾರಿಗೆ ಸಲ್ಲಬೇಕು? ಅವನು ದೇವರ ಗೇಣಿದಾರನೆ, ದೇವರ ಸೇವಕನೆ, ಅಥವಾ ದೇವರ ಪರವಾಗಿ ಸ್ವಾಧೀನದಲ್ಲಿರುವವನೆ? ಗೇಣಿದಾರನೆಂದರೆ ನೆಲ ಅವನದಾಗುತ್ತದೆ. ಸೇವಕನೆಂದರೆ ಅವನ ಸ್ವಾಧೀನವೇ ದೇವರ ಸ್ವಾಧೀನ. ಈ ಪ್ರಶ್ನೆ ದೇಶದ ಬೇರೆ ಬೇರೆ ಕಡೆಗಳಲ್ಲಿ ಬೇರೆ ಬೇರೆ ರೂಪಗಳಲ್ಲಿ ಎದ್ದಿದೆ. ಮಧ್ಯಪ್ರದೇಶದಿಂದ ಬಂದ ಮೇಲ್ಮನವಿಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2021ರ ಸೆಪ್ಟೆಂಬರ್ 6ರಂದು, ಪೂಜಾರಿಯು ದೇವರ ಆಸ್ತಿಯ ನಿರ್ವಾಹಕನೇ ಹೊರತು ಒಡೆಯನಲ್ಲವೆಂದೂ, ಕಂದಾಯ ದಾಖಲೆಯ ಸ್ವಾಮ್ಯದ ಕಲಮಿನಲ್ಲಿ ದೇವರ ಹೆಸರೊಂದೇ ಇರತಕ್ಕದ್ದೆಂದೂ ತೀರ್ಮಾನಿಸಿತು. ತೀರ್ಪಿನ ತತ್ತ್ವ ಸಮಂಜಸವಾದುದು. ಆದರೆ ನೂರು ವರ್ಷಗಳ ಹಿಂದೆಯೇ ಅದು ನಮ್ಮ ಪಹಣಿಗಳಿಗೆ ಅನ್ವಯವಾಗಿದ್ದರೆ ಎಷ್ಟು ಮನೆತನಗಳು ಎಷ್ಟು ದಾವೆಗಳಿಂದ ಪಾರಾಗುತ್ತಿದ್ದುವೋ!

ದೇವರೇ ಒಡೆಯನೆಂಬ ಮಾತಿಗೆ ಕಾನೂನಿನಲ್ಲಿ ದೀರ್ಘವಾದ ಇತಿಹಾಸವಿದೆ. ಕಲ್ಕತ್ತೆಯ ಮಲ್ಲಿಕ್ ಮನೆತನದ ಕುಲದೇವತೆಯ ವಿಗ್ರಹವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯಬಹುದೇ ಎಂಬ ವಿವಾದದಲ್ಲಿ ಪ್ರಿವಿ ಕೌನ್ಸಿಲು 1925ರಲ್ಲಿ, ವಿಗ್ರಹವು ಕಾನೂನಿನ ದೃಷ್ಟಿಯಲ್ಲಿ ಒಬ್ಬ ವ್ಯಕ್ತಿಯೆಂದೂ ಅದರ ಇಷ್ಟವನ್ನು ನಿರಪೇಕ್ಷನಾದ ಪ್ರತಿನಿಧಿಯೊಬ್ಬನ ಮೂಲಕ ಕೇಳತಕ್ಕದ್ದೆಂದೂ ಹೇಳಿತು. ಮಠಗಳ ವಿಷಯ ಬೇರೆ. ಮಠಾಧಿಪತಿಯು ಆಂಗ್ಲ ನ್ಯಾಯದ ಅರ್ಥದಲ್ಲಿ ಟ್ರಸ್ಟಿಯಲ್ಲವೆಂದು ಅದೇ ನ್ಯಾಯಪೀಠ 1921ರಲ್ಲಿ ನಿರ್ಣಯಿಸಿದ್ದಿತು. ನಮ್ಮ ಉಡುಪಿಯ ಶೀರೂರು ಮಠದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1954ರಲ್ಲಿ ಮಠಾಧಿಪತ್ಯದಲ್ಲಿ ಅಧಿಕಾರವೂ ಆಸ್ತಿಯೂ, ಕರ್ತವ್ಯವೂ ಸ್ವಹಿತವೂ ಬೇರ್ಪಡಿಸಲಾಗದಂತೆ ಬೆರೆತಿವೆಯೆಂದು ವಿವರಿಸಿತು. ಮಸೀದಿಯ ವಿಷಯವಾಗಿ ಲಾಹೋರಿನ ಶಹೀದ್‌ಗಂಜ್ ಪ್ರಕರಣದಲ್ಲಿ 1940ರಲ್ಲಿ ಪ್ರಿವಿ ಕೌನ್ಸಿಲು, ಮಸೀದಿಯ ಹೆಸರಿನಲ್ಲಿ ದಾವೆ ಹೂಡಲಾಗದೆಂದೂ, ಪ್ರತಿಕೂಲ ಸ್ವಾಧೀನದ ಅವಧಿ ಕಳೆದರೆ ವಕ್ಫ್ ಆಸ್ತಿಯ ಹಕ್ಕೂ ನಶಿಸುವುದೆಂದೂ ತೀರ್ಪಿತ್ತಿತು. ಒಂದೇ ನಾಡಿನ ಮೂರು ಬಗೆಯ ಪುಣ್ಯಸ್ಥಳಗಳಿಗೆ ಕಾನೂನಿನಲ್ಲಿ ಮೂರು ಬಗೆಯ ದೇಹಗಳು ಒದಗಿರುವುದನ್ನು ಅರಿಯದೆ ಒಂದರ ತೀರ್ಪನ್ನು ಇನ್ನೊಂದಕ್ಕೆ ಅನ್ವಯಿಸಿ ವಾದಿಸುವವರನ್ನು ನಾವು ದಿನವೂ ಕಾಣುತ್ತಿದ್ದೇವೆ.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಹಕ್ಕಿನ ಪ್ರಶ್ನೆ ನೆಲಕ್ಕಿಂತ ಹೆಚ್ಚಾಗಿ ಸ್ಥಾನಕ್ಕೆ ಸಂಬಂಧಿಸಿದುದು. ಚೆಲುವನಾರಾಯಣನ ಸನ್ನಿಧಿಯಲ್ಲಿ ರಾಮಾನುಜಾಚಾರ್ಯರೇ ಐವತ್ತಿಬ್ಬರು ಕೈಂಕರ್ಯಪರರನ್ನು ನಿಯಮಿಸಿದರೆಂಬ ಸಂಪ್ರದಾಯವಿದೆ. ಸ್ಥಾನಿಕರು, ಅರ್ಚಕರು, ಪರಿಚಾರಕರು, ವೇದಪಾರಾಯಣದವರು, ಪ್ರಬಂಧಪಾರಾಯಣದವರು, ಯತಿರಾಜ ಮಠದ ಜೀಯರು ಎಂದು ಅಲ್ಲಿನ ಸೇವಾವ್ಯವಸ್ಥೆಯು ಸೂಕ್ಷ್ಮವಾಗಿ ಹೆಣೆದುಕೊಂಡಿದೆ. ಕುಲಭೇದವೇ ಕಟ್ಟಳೆಯಾಗಿದ್ದ ಕಾಲದಲ್ಲಿ ತಿರುಕ್ಕುಲತ್ತಾರರೆಂದು ಕರೆಯಲ್ಪಟ್ಟ ದಲಿತರಿಗೆ ವರ್ಷದಲ್ಲಿ ನಿಯತ ದಿನಗಳಂದು ದೇವಾಲಯಪ್ರವೇಶವಿದ್ದುದೂ ಈ ಕ್ಷೇತ್ರದ ಹಿರಿಮೆ. ತೀರ್ಥ ಯಾರಿಗೆ ಮೊದಲು, ಗೋಷ್ಠಿಯಲ್ಲಿ ಯಾವ ತನಿಯನ್ ಮೊದಲು ಹೇಳತಕ್ಕದ್ದು ಎಂಬ ತೆಂಗಲೆ ವಡಗಲೆಗಳ ಭೇದ ದಕ್ಷಿಣದ ಶ್ರೀವೈಷ್ಣವ ಕ್ಷೇತ್ರಗಳಲ್ಲೆಲ್ಲ ಕಚೇರಿಗಳ ಮೆಟ್ಟಿಲನ್ನು ಹತ್ತಿಸಿದೆ. ಇವು ಹೊರಗಿನವರಿಗೆ ಕ್ಷುಲ್ಲಕವೆನಿಸಬಹುದು. ಆದರೆ ಇಂತಹ ಸ್ಥಾನಗಳು ಮರ್ಯಾದೆಗಳು ಮಾತ್ರವಲ್ಲದೆ ಸಂಭಾವನೆಯನ್ನೂ ಒಳಗೊಂಡಿರುವುದರಿಂದ, ಆಸ್ತಿಯ ಅಥವಾ ಹುದ್ದೆಯ ಹಕ್ಕು ವಿವಾದದಲ್ಲಿದ್ದರೆ ಅದು ಪೂಜಾವಿಧಿಯ ಪ್ರಶ್ನೆಯನ್ನು ಅವಲಂಬಿಸಿದ್ದರೂ ಸಿವಿಲ್ ದಾವೆಯೇ ಎಂದು ನಮ್ಮ ವ್ಯವಹಾರ ಸಂಹಿತೆಯು 9ನೆಯ ಪ್ರಕರಣದಲ್ಲಿಯೇ ಸ್ಪಷ್ಟಪಡಿಸಿದೆ.

ಅದೇ ಮೇಲುಕೋಟೆಯಲ್ಲಿ ಸ್ವಾಮ್ಯವೂ ರಕ್ಷಣೆಯೂ ಹೇಗೆ ಬೇರೆಬೇರೆಯಾಗಿ ನಿಲ್ಲಬಹುದೆಂಬುದಕ್ಕೆ ವೈರಮುಡಿಗಿಂತ ಉತ್ತಮವಾದ ನಿದರ್ಶನ ಬೇಕಿಲ್ಲ. ರಾಜ ಒಡೆಯರು ಅರ್ಪಿಸಿದ ರಾಜಮುಡಿಯೂ, ಮುಮ್ಮಡಿ ಕೃಷ್ಣರಾಜ ಒಡೆಯರು ಅರ್ಪಿಸಿದ ಕೃಷ್ಣರಾಜಮುಡಿಯೂ, ಐತಿಹ್ಯದಲ್ಲಿ ಗರುಡನು ತಂದನೆನ್ನುವ ವೈರಮುಡಿಯೂ ದೇವರ ಸೊತ್ತು. ಕಿರೀಟಗಳಿರುವುದು ಮಂಡ್ಯದ ಸರ್ಕಾರಿ ಖಜಾನೆಯಲ್ಲಿ. ಉತ್ಸವದ ದಿನ ಅಧಿಕಾರಿಗಳ ಎದುರಿನಲ್ಲಿ ತಿಜೋರಿಯನ್ನು ತೆರೆದು, ಪೊಲೀಸರ ಕಾವಲಿನಲ್ಲಿ ಊರೂರಿನ ಪೂಜೆಯನ್ನು ಸ್ವೀಕರಿಸುತ್ತ ಪೆಟ್ಟಿಗೆಯು ಬೆಟ್ಟವನ್ನೇರುತ್ತದೆ. ದೇವಾಲಯದಲ್ಲಿ ಸ್ಥಾನಿಕರ, ಅರ್ಚಕರ, ಅಧಿಕಾರಿಗಳ ಸಮಕ್ಷಮ ಪಾರ್ಕಾವಣೆಯಾಗುತ್ತದೆ. ಉತ್ಸವ ಮುಗಿದಮೇಲೆ ಅದೇ ಕ್ರಮದಲ್ಲಿ ಹಿಂದಿರುಗುತ್ತದೆ. ಧರಿಸುವವನು ಸ್ವಾಮಿ, ಮುಡಿಸುವವರು ಅರ್ಚಕರು, ಎಣಿಸಿ ನೋಡುವವರು ಎಲ್ಲರೂ, ಕಾಯುವವನು ಸರ್ಕಾರ. ಯಾವೊಬ್ಬನೂ ತನ್ನದೆನ್ನಲಾಗದ, ಯಾವೊಬ್ಬನೂ ಹೊಣೆಯಿಂದ ಜಾರಲಾಗದ ಈ ಪದ್ಧತಿ ಒಡವೆಗೆ ಸಾಧ್ಯವಾದಮೇಲೆ ಗದ್ದೆಗೆ ಏಕೆ ಸಾಧ್ಯವಾಗಬಾರದೆಂಬುದು ನನ್ನ ಬಹುಕಾಲದ ಪ್ರಶ್ನೆ.

ಈಗ ಶ್ರೀರಂಗಪಟ್ಟಣಕ್ಕೆ ಬರೋಣ. ರಂಗನಾಥನ ದೇವಾಲಯ, ಟಿಪ್ಪು ಸುಲ್ತಾನನು ಕಟ್ಟಿಸಿದ ಜಾಮಿಯಾ ಮಸೀದಿ, ಗಂಜಾಂನ ಗುಂಬಜು, ನಿಮಿಷಾಂಬೆಯ ಗುಡಿ, ಅಬ್ಬೆ ದ್ಯುಬಾ ಅವರ ಕಾಲದಿಂದ ಬಂದ ಇಗರ್ಜಿ, ಇವೆಲ್ಲವೂ ಒಂದು ದ್ವೀಪದ ಅಂಚಿನೊಳಗೆ ಕೂಡಿವೆ. ರಂಗನಾಥನ ಭಂಡಾರದಲ್ಲಿ ಟಿಪ್ಪುವಿನ ಹೆಸರುಳ್ಳ ಬೆಳ್ಳಿಯ ಪಾತ್ರೆಗಳಿದ್ದುವೆಂಬುದು ಮೈಸೂರು ಪುರಾತತ್ತ್ವ ಇಲಾಖೆಯವರಿಗೆ ತಿಳಿದ ವಿಷಯ. ಇಂತಹ ಊರಿನಲ್ಲಿ 2024ರ ಶರತ್ಕಾಲದಿಂದ 2025ರ ಆರಂಭದವರೆಗೆ ವಕ್ಫ್ ಪ್ರಶ್ನೆ ರೈತರ ನಿದ್ದೆಗೆಡಿಸಿತು. ತಾಲ್ಲೂಕಿನ ಅನೇಕ ಪಹಣಿಗಳಲ್ಲಿ ವಕ್ಫ್ ಎಂಬ ನಮೂದು ಕಂಡುಬಂದಿತು. ಮಹದೇವಪುರದ ಚಿಕ್ಕಮ್ಮನ ಗುಡಿಯ ನೆಲವೂ ಅದರಲ್ಲಿ ಸೇರಿದೆಯೆಂದು ತಿಳಿದಾಗ ಊರಿನವರ ಕಳವಳ ಹೇಳತೀರದಾಯಿತು. ವಿಜಯಪುರ ಜಿಲ್ಲೆಯಲ್ಲಿ ಮೊದಲಾದ ಈ ಗೊಂದಲ ರಾಜ್ಯವ್ಯಾಪಿಯಾದುದನ್ನು ಕಂಡು ಸರ್ಕಾರವು 2024ರ ನವೆಂಬರಿನಲ್ಲಿ ನೋಟೀಸುಗಳನ್ನು ಹಿಂತೆಗೆದುಕೊಳ್ಳುವಂತೆಯೂ ಖಾತೆಬದಲಾವಣೆಗಳನ್ನು ನಿಲ್ಲಿಸುವಂತೆಯೂ ಆಜ್ಞಾಪಿಸಿತು. ಆದರೂ ನಮೂದುಗಳು ಅಳಿಯಲಿಲ್ಲವೆಂದು 2025ರ ಜನವರಿ 20ರಂದು ಶ್ರೀರಂಗಪಟ್ಟಣ ಬಂದ್ ಆಚರಿಸಲ್ಪಟ್ಟಿತು.

ಈ ಪ್ರಸಂಗವನ್ನು ಎರಡು ಕಡೆಯಿಂದಲೂ ನೋಡುವುದು ನಮ್ಮ ಕರ್ತವ್ಯ. ಭಕ್ತನೊಬ್ಬನು ಅಲ್ಲಾಹನ ಹೆಸರಿನಲ್ಲಿ ಖಬರಸ್ತಾನಕ್ಕೋ ಮಸೀದಿಯ ದೀಪಕ್ಕೋ ಬಡವರ ಅನ್ನಕ್ಕೋ ಬಿಟ್ಟ ನೆಲವು ಒತ್ತುವರಿಯಾಗಿ ಹೋಗಿರುವುದು ಸುಳ್ಳಲ್ಲ. ದೇವಾದಾಯದ ಮಾನ್ಯಗಳು ಕರಗಿದ ಹಾಗೆಯೇ ವಕ್ಫ್ ಭೂಮಿಗಳೂ ಕರಗಿವೆ. 1954ರ ಕಾಯಿದೆಯ ಮೇರೆಗೆ ನಡೆದ ಸಮೀಕ್ಷೆಗಳೂ ರಾಜ್ಯಪತ್ರದ ಪಟ್ಟಿಗಳೂ ಹುಟ್ಟಿದ್ದು ಆ ಕಾರಣದಿಂದ. ಆದರೆ ಆ ಪಟ್ಟಿಗಳು ರಾಜ್ಯಪತ್ರದಲ್ಲಿಯೇ ಉಳಿದುವು. ಕಂದಾಯ ದಾಖಲೆಗೆ ಆಗಲೇ ಇಳಿಯಲಿಲ್ಲ. ನಡುವೆ ಇನಾಮು ರದ್ದಾಯಿತು, ಗೇಣಿದಾರನಿಗೆ ಹಕ್ಕುಪತ್ರ ಬಂದಿತು, ನೆಲ ಕೈಬದಲಾಯಿತು. ಹೀಗೆ ಅರ್ಧ ಶತಮಾನ ಕಳೆದಮೇಲೆ ಹಳೆಯ ಪಟ್ಟಿಯನ್ನು ಹೊಸ ಗಣಕಯಂತ್ರದ ಪಹಣಿಗೆ ಇಳಿಸಹೊರಟಾಗ, 1974ರ ಕಾನೂನಿನಿಂದಲೇ ನೆಲವನ್ನು ಪಡೆದ ರೈತನ ಮೊಮ್ಮಗನು ತಾನು ಅತಿಕ್ರಮಣಕಾರನೆಂಬ ಮಾತನ್ನು ಕೇಳಬೇಕಾಯಿತು. ಇಲ್ಲಿ ರೈತನ ತಪ್ಪಿಲ್ಲ. ಮೂಲದಾನಿಯ ತಪ್ಪಂತೂ ಮೊದಲೇ ಇಲ್ಲ. ಎರಡು ಸರ್ಕಾರಿ ದಾಖಲೆಗಳು ಐವತ್ತು ವರ್ಷ ಒಂದನ್ನೊಂದು ನೋಡದೆ ಇದ್ದುದೇ ತಪ್ಪು.

1995ರ ವಕ್ಫ್ ಕಾಯಿದೆಯ 107ನೆಯ ಪ್ರಕರಣವು ವಕ್ಫ್ ಆಸ್ತಿಯ ಮರುಪ್ರಾಪ್ತಿಗೆ ಕಾಲಮಿತಿಯಿಲ್ಲವೆಂದು ವಿಧಿಸಿ ಶಹೀದ್‌ಗಂಜಿನ ತತ್ತ್ವವನ್ನು ತಿರುಗಿಸಿದ್ದಿತು. 2025ರ ಏಪ್ರಿಲಿನಲ್ಲಿ ಜಾರಿಗೆ ಬಂದ ತಿದ್ದುಪಡಿಯು ಆ ಪ್ರಕರಣವನ್ನು ತೆಗೆದುಹಾಕಿ ಪುನಃ ಕಾಲಮಿತಿಯನ್ನು ತಂದಿತು. ಅದೇ ತಿದ್ದುಪಡಿಯ ಕೆಲವು ಭಾಗಗಳನ್ನು ಸರ್ವೋಚ್ಚ ನ್ಯಾಯಾಲಯವು 2025ರ ಸೆಪ್ಟೆಂಬರ್ 15ರ ಮಧ್ಯಂತರ ಆಜ್ಞೆಯಿಂದ ತಡೆದಿದೆ. ಕಾನೂನು ಈ ರೀತಿ ಮುಂದಕ್ಕೂ ಹಿಂದಕ್ಕೂ ಚಲಿಸುವಾಗ ಒಂದೇ ಗದ್ದೆಯ ಮೇಲಣ ಹಕ್ಕು ಒಂದು ದಶಕದಲ್ಲಿ ಜೀವಂತವೂ ಇನ್ನೊಂದು ದಶಕದಲ್ಲಿ ಮೃತವೂ ಆಗುತ್ತದೆ. ಇದರಿಂದ ಮುಸಲ್ಮಾನರಿಗೂ ನೆಮ್ಮದಿಯಿಲ್ಲ, ರೈತರಿಗೂ ನೆಮ್ಮದಿಯಿಲ್ಲ.

ಮುಜರಾಯಿಯ ಹಳೆಯ ವ್ಯಾಪ್ತಿಯನ್ನು ಮರೆತುದರ ಫಲವನ್ನು ಮುಂದೆ ನೋಡೋಣವೆಂದು ಹಿಂದೆ ಹೇಳಿದೆನಷ್ಟೆ. ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿಯಲ್ಲಿ ಹಿಂದೂ ಮುಸಲ್ಮಾನರಿಬ್ಬರೂ ಸೇವಿಸುತ್ತಿದ್ದ ಗುರು ದತ್ತಾತ್ರೇಯ ಬಾಬಾಬುಡನ್ ಸ್ವಾಮಿ ದರ್ಗಾ ಮುಜರಾಯಿ ಸಂಸ್ಥೆಯಾಗಿದ್ದಿತು. 1975ರಲ್ಲಿ ಅದನ್ನು ವಕ್ಫ್ ಮಂಡಳಿಗೆ ವಹಿಸಲಾಯಿತು; 1978ರಲ್ಲಿ ದಾವೆಯಾಯಿತು; ಅದು ವಕ್ಫ್ ಅಲ್ಲ, ಮುಜರಾಯಿಗೆ ಸೇರಿದ್ದೆಂದು ಜಿಲ್ಲಾ ನ್ಯಾಯಾಲಯವು 1980ರಲ್ಲಿ ತೀರ್ಪಿತ್ತಿತು; 1991ರಲ್ಲಿ ಮೇಲಿನ ನ್ಯಾಯಾಲಯಗಳೂ ಅದನ್ನೇ ಎತ್ತಿಹಿಡಿದುವು. ಆಸ್ತಿಯ ಪ್ರಶ್ನೆ ತೀರಿತು. ಪೂಜೆಯ ಪ್ರಶ್ನೆ ಇನ್ನೂ ಉರಿಯುತ್ತಿದೆ. ಇಬ್ಬರಿಗೂ ಸೇರಿದುದನ್ನು ಒಬ್ಬರ ಪಟ್ಟಿಗೆ ಸೇರಿಸಿದ ಒಂದು ಆಜ್ಞೆಯ ಬೆಲೆಯನ್ನು ನಾಡು ಐವತ್ತು ವರ್ಷಗಳಿಂದ ತೆರುತ್ತಿದೆ. ನಮ್ಮ ಸೀಮೆಯಲ್ಲಿಯೂ, ನಂಬಿನಾರಾಯಣನ ದೇವಾಲಯವಿರುವ ತೊಣ್ಣೂರಿನಲ್ಲಿಯೇ ಸಾಲಾರ್ ಮಸೂದರ ದರ್ಗಾ ಇದೆ. ಅಂತಹ ಊರುಗಳನ್ನು ಕುರಿತು ಕಾಗದ ಬರೆಯುವ ಅಧಿಕಾರಿಯು ಬಾಬಾಬುಡನ್‌ಗಿರಿಯ ಕಡತವನ್ನು ಒಮ್ಮೆ ಓದಿರಬೇಕು.

ಜಾಮಿಯಾ ಮಸೀದಿಯ ವಿವಾದದಲ್ಲಿ ಮೂರನೆಯ ಪಕ್ಷವೊಂದಿದೆ: ಸ್ಮಾರಕವನ್ನು ಸಂರಕ್ಷಿಸುವ ಕೇಂದ್ರ ಪುರಾತತ್ತ್ವ ಇಲಾಖೆ. ಅಲ್ಲಿ ಹಿಂದೆ ಆಂಜನೇಯನ ಗುಡಿಯಿದ್ದಿತೆಂದು ಕೆಲವು ಸಂಘಟನೆಗಳು 2022ರಿಂದ ಪ್ರಬಲವಾಗಿ ಪ್ರತಿಪಾದಿಸುತ್ತಿವೆ. ಮಸೀದಿಯ ಆವರಣದಲ್ಲಿ ನಡೆಯುತ್ತಿರುವ ಮದರಸಾವನ್ನು ತೆರವುಗೊಳಿಸಬೇಕೆಂಬ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಕೇಂದ್ರ ಸರ್ಕಾರವು 2024ರಲ್ಲಿ ಉಚ್ಚ ನ್ಯಾಯಾಲಯದ ಮುಂದೆ ತೆರವಿನ ಪರವಾಗಿಯೂ, ವಕ್ಫ್ ಮಂಡಳಿಯು ಆಸ್ತಿ ತನ್ನದೆಂದೂ ವಾದಿಸಿವೆ. 1947ರ ಆಗಸ್ಟ್ 15ರಂದು ಇದ್ದ ಪೂಜಾಸ್ಥಳಗಳ ಸ್ವರೂಪವನ್ನು ಕಾಯ್ದಿರಿಸುವ 1991ರ ಕಾಯಿದೆಯು ಪ್ರಾಚೀನ ಸ್ಮಾರಕಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಆದರೆ ಸ್ಮಾರಕಗಳ 1958ರ ಕಾಯಿದೆಯೇ ತನ್ನ 16ನೆಯ ಪ್ರಕರಣದಲ್ಲಿ, ಸಂರಕ್ಷಿತ ಪೂಜಾಸ್ಥಳವನ್ನು ಅದರ ಸ್ವಭಾವಕ್ಕೆ ವಿರುದ್ಧವಾದ ಉದ್ದೇಶಕ್ಕೆ ಉಪಯೋಗಿಸಕೂಡದೆಂದು ನಿಷೇಧಿಸಿದೆ. ಆದುದರಿಂದ ಇಲ್ಲಿ ಹೊರಗಿಟ್ಟಿರುವುದು ಬಾಗಿಲು ತೆರೆದಿದೆಯೆಂಬುದಕ್ಕೆ ಸೂಚನೆಯಲ್ಲವೆಂದು ನನ್ನ ಅಭಿಪ್ರಾಯ. ಮಸೀದಿಯಾಗಿ ಸಂರಕ್ಷಿತವಾದುದು ಮಸೀದಿಯಾಗಿಯೇ, ಹೊಸಹೊಳಲಿನ ಲಕ್ಷ್ಮೀನಾರಾಯಣನ ಗುಡಿ ಗುಡಿಯಾಗಿಯೇ, ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಬಸದಿ ಬಸದಿಯಾಗಿಯೇ ಉಳಿಯತಕ್ಕವು.

ನಾಗಮಂಗಲದ ಆದಿಚುಂಚನಗಿರಿ ಮಠದ ಮಾದರಿ ಬೇರೆ. ನಾಥಪರಂಪರೆಯ ಈ ಮಠದಲ್ಲಿ 1974ರಿಂದ 2013ರವರೆಗೆ ಪೀಠಾಧ್ಯಕ್ಷರಾಗಿದ್ದ ಬಾಲಗಂಗಾಧರನಾಥ ಸ್ವಾಮಿಗಳ ಕಾಲದಲ್ಲಿ ಗುರುಪರಂಪರೆಯ ಪೀಠದ ಪಕ್ಕದಲ್ಲಿ ನೋಂದಾಯಿತವಾದ ಶಿಕ್ಷಣ ಟ್ರಸ್ಟು ಬೆಳೆದು ನೂರಾರು ವಿದ್ಯಾಸಂಸ್ಥೆಗಳನ್ನು ನಡೆಸುವಂತಾಯಿತು. ಪೀಠಕ್ಕೆ ಪರಂಪರೆಯ ನಿಯಮ, ಶಾಲೆಗೆ ಟ್ರಸ್ಟಿನ ನಿಯಮ ಎಂಬ ಈ ವಿಭಾಗ ವಿವೇಕದ್ದು. 1997ರ ಹಿಂದೂ ಧಾರ್ಮಿಕ ಸಂಸ್ಥೆಗಳ ಕಾಯಿದೆಯು ಮಠಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿರುವುದೂ ಇಲ್ಲಿ ಸ್ಮರಣೀಯ. 2003ರಲ್ಲಿ ಜಾರಿಗೆ ಬಂದ ಆ ಕಾಯಿದೆಯನ್ನು 2006ರಲ್ಲಿ ಉಚ್ಚ ನ್ಯಾಯಾಲಯವು ಅಸಿಂಧುವೆಂದು ಸಾರಿತು. ಸರ್ವೋಚ್ಚ ನ್ಯಾಯಾಲಯದ ತಡೆಯಾಜ್ಞೆಯ ಆಸರೆಯಲ್ಲಿ ಅದು ಬಾಳುತ್ತಿದೆ. ಮಠಗಳಿಗೊಂದು, ಗುಡಿಗಳಿಗೊಂದು ನ್ಯಾಯವೇ ಎಂಬುದು ಅಂದಿನ ಆಕ್ಷೇಪಗಳಲ್ಲಿ ಒಂದು. ಅದಕ್ಕೆ ತೃಪ್ತಿಕರವಾದ ಸಮಾಧಾನ ಇನ್ನೂ ದೊರೆತಿಲ್ಲ.

ಆದರೆ ಸುದ್ದಿಯಾಗದ, ಆದುದರಿಂದಲೇ ಯಾರ ಗಮನಕ್ಕೂ ಬಾರದ, ಎಲ್ಲಕ್ಕಿಂತ ಹೆಚ್ಚು ಸಂಖ್ಯೆಯ ವ್ಯಾಜ್ಯಗಳು ಹಳ್ಳಿಯ ಗ್ರಾಮದೇವತೆಯ ಗುಡಿಗಳವು. ಅವುಗಳ ಕ್ರಮ ಎಲ್ಲೆಡೆಯೂ ಒಂದೇ. ಹೆಂಚಿನ ಗುಡಿಯನ್ನು ಕೆಡವಿ ಗೋಪುರ ಕಟ್ಟಿಸಲು ಊರಿನವರು ಚಂದಾ ಎತ್ತುತ್ತಾರೆ. ಬೆಂಗಳೂರು ಸೇರಿದ ಮಕ್ಕಳು ಧಾರಾಳವಾಗಿ ಕೊಡುತ್ತಾರೆ. ಚೀಟಿ ಹರಿಯಲು, ಬ್ಯಾಂಕಿನಲ್ಲಿ ಖಾತೆ ತೆರೆಯಲು ಒಂದು ಟ್ರಸ್ಟು ಬೇಕಾಗುತ್ತದೆ. ಮುಂದಾಳುಗಳಾದ ಏಳೆಂಟು ಮಂದಿ ತಮ್ಮ ಹೆಸರಿನಲ್ಲಿಯೇ, ಹಲವು ವೇಳೆ ಆಜೀವ ಟ್ರಸ್ಟಿಗಳಾಗಿ, ಪತ್ರವನ್ನು ನೋಂದಾಯಿಸುತ್ತಾರೆ. ಕುಂಭಾಭಿಷೇಕದವರೆಗೆ ಎಲ್ಲವೂ ಸುಗಮ. ಅನಂತರ ಹುಂಡಿಯ ಲೆಕ್ಕ, ಕಲ್ಯಾಣಮಂಟಪದ ಬಾಡಿಗೆ, ಜಾತ್ರೆಯಲ್ಲಿ ಮೊದಲ ಮಂಗಳಾರತಿ ಯಾರ ಮನೆಗೆ, ಗುಡ್ಡಪ್ಪನ ಪದವಿ ಯಾವ ಕವಲಿಗೆ, ಊರಿನ ದಲಿತರ ಕೇರಿಯವರಿಗೆ ಟ್ರಸ್ಟಿನಲ್ಲಿ ಸ್ಥಾನವುಂಟೇ ಎಂಬ ಪ್ರಶ್ನೆಗಳು ಏಳುತ್ತವೆ. ಊರೊಟ್ಟಿನ ಗುಡಿ ಏಳು ಜನರ ಟ್ರಸ್ಟಿನದಾಯಿತೇ ಎಂದು ಒಬ್ಬನು ಕೇಳುತ್ತಾನೆ. ಅರ್ಚಕರು ಇದು ತಮ್ಮ ವಂಶದ ಗುಡಿಯೆನ್ನುತ್ತಾರೆ. ಯಾರೋ ಮುಜರಾಯಿಗೆ ಸೇರಿಸಬೇಕೆಂದು ತಹಸೀಲ್ದಾರರಿಗೆ ಅರ್ಜಿ ಕೊಡುತ್ತಾರೆ. ಗುಡಿಗೆ ಬೀಗ ಬೀಳುತ್ತದೆ; ಜಾತ್ರೆ ನಿಲ್ಲುತ್ತದೆ. ಹಬ್ಬವಿಲ್ಲದೆ ಕಳೆದ ವರ್ಷಗಳಲ್ಲಿ ಬೀಗರು ಬರುವುದೂ ನಿಂತು ಊರಿನ ಬಾಳು ಎಷ್ಟು ಬರಿದಾಗುತ್ತದೆಂಬುದನ್ನು ಕಂಡವರೇ ಬಲ್ಲರು.

ಇದಕ್ಕೆ ಕಾನೂನಿನಲ್ಲಿ ಪರಿಹಾರವಿಲ್ಲದಿಲ್ಲ. ವ್ಯವಹಾರ ಸಂಹಿತೆಯ 92ನೆಯ ಪ್ರಕರಣದ ಮೇರೆಗೆ, ಸಾರ್ವಜನಿಕ ಧರ್ಮಸಂಸ್ಥೆಯಲ್ಲಿ ಆಸಕ್ತಿಯುಳ್ಳ ಇಬ್ಬರು ಅಥವಾ ಹೆಚ್ಚು ಮಂದಿ, ನ್ಯಾಯಾಲಯದ ಅನುಮತಿ ಪಡೆದು, ಟ್ರಸ್ಟಿಯನ್ನು ತೆಗೆಯುವುದಕ್ಕೂ ಲೆಕ್ಕ ಕೇಳುವುದಕ್ಕೂ ಆಡಳಿತದ ಯೋಜನೆಯೊಂದನ್ನು ರಚಿಸಿಕೊಡುವುದಕ್ಕೂ ಜಿಲ್ಲಾ ನ್ಯಾಯಾಲಯವನ್ನು ಪ್ರಾರ್ಥಿಸಬಹುದು. ಈ ದಾವೆಯ ವಿಶೇಷವೆಂದರೆ ಇಲ್ಲಿ ಯಾರೂ ಆಸ್ತಿಯನ್ನು ತನಗಾಗಿ ಕೇಳುವುದಿಲ್ಲ, ಸಂಸ್ಥೆಗಾಗಿ ಕೇಳುತ್ತಾರೆ. ಆದರೂ ನಮ್ಮ ಹಳ್ಳಿಗರು ಇದನ್ನು ಬಿಟ್ಟು, ಎದುರಾಳಿಯು ಗುಡಿಯೊಳಗೆ ಕಾಲಿಡದಂತೆ ಶಾಶ್ವತ ನಿರ್ಬಂಧಕಾಜ್ಞೆಯನ್ನು ಕೋರುವ ದಾವೆಯನ್ನೇ ಮೊದಲು ಹೂಡುತ್ತಾರೆ. ಇಂತಹ ದಾವೆಯಲ್ಲಿ ಗೆದ್ದವನಿಗೂ ಆಡಳಿತದ ಯೋಜನೆ ದೊರೆಯುವುದಿಲ್ಲ. ಹುಂಡಿಯ ಲೆಕ್ಕ ಹಿಂದಿನಂತೆಯೇ ಉಳಿಯುತ್ತದೆ. ವಕೀಲರು ಮೊದಲ ದಿನವೇ ಕಕ್ಷಿದಾರನಿಗೆ 92ನೆಯ ಪ್ರಕರಣವನ್ನು ತಿಳಿಯಹೇಳಿದರೆ ಎಷ್ಟೋ ಜಾತ್ರೆಗಳು ಉಳಿದಾವು.

ಟ್ರಸ್ಟಿನ ಜಗಳಕ್ಕೆ ಪರಿಹಾರ ಇದಾದರೆ, ನೆಲದ ವ್ಯಾಜ್ಯಗಳಿಗೆ ಮೂಲವೆಂದು ಮೊದಲೇ ಹೇಳಿದ ಎರಡು ಬರೆಹಗಳ ಅಂತರಕ್ಕೆ ಪರಿಹಾರವನ್ನು ಪಹಣಿಯಲ್ಲಿಯೇ ಹುಡುಕಬೇಕು. ಪಹಣಿಯ ಒಂಬತ್ತನೆಯ ಕಲಮು ಸ್ವಾಧೀನದಾರನ ಹೆಸರಿಗೆ ಮೀಸಲು. ಹನ್ನೊಂದನೆಯದು ಇತರ ಹಕ್ಕುಗಳಿಗೂ ಋಣಗಳಿಗೂ. ಬ್ಯಾಂಕಿನ ಸಾಲವನ್ನು ನಾವು ಆ ಹನ್ನೊಂದನೆಯ ಕಲಮಿನಲ್ಲಿ ತಪ್ಪದೆ ಬರೆಯುತ್ತೇವೆ. ಆ ನೆಲದ ಮೇಲಿರುವ ದೀಪದ ಋಣವನ್ನು, ಅನ್ನದಾನದ ಋಣವನ್ನು, ಖಬರಸ್ತಾನದ ಋಣವನ್ನು ಬರೆಯಲು ಅಡ್ಡಿಯೇನು? ಒಂಬತ್ತನೆಯದರಲ್ಲಿ ದೇವರ ಅಥವಾ ಸಂಸ್ಥೆಯ ಹೆಸರು. ಹನ್ನೊಂದನೆಯದರಲ್ಲಿ ಯಾವ ದಾನಪತ್ರದಿಂದ, ಯಾವ ಸೇವೆಗಾಗಿ, ಯಾರ ನಿರ್ವಹಣೆಯಲ್ಲಿ ಎಂಬ ಮೂರು ಮಾತು. 1974ರ ನಂತರ ರೈತನಿಗೆ ಕಾನೂನಿನಂತೆ ಸಂದಿರುವ ನೆಲವನ್ನು ಈ ನಮೂದಿನಿಂದ ಕೈಬಿಟ್ಟು ಅವನಿಗೆ ಅಭಯವೀಯಬೇಕು. ಸಂಸ್ಥೆಯ ಸ್ವಾಧೀನದಲ್ಲಿ ಇನ್ನೂ ಉಳಿದಿರುವುದನ್ನು ಮಾತ್ರ ಅಳೆದು, ನೋಟೀಸು ಕೊಟ್ಟು, ಗ್ರಾಮಸಭೆಯಲ್ಲಿ ಓದಿಹೇಳಿ, ಅನಂತರ ಬರೆಯಬೇಕು. ಕೆಲಸವನ್ನು ವಾರ್ಷಿಕ ಆದಾಯ ಐದು ಲಕ್ಷಕ್ಕೆ ಕಡಿಮೆಯಿರುವ ‘ಸಿ’ ವರ್ಗದ ಗುಡಿಗಳಿಂದಲೂ ಅವುಗಳಷ್ಟೇ ಸಣ್ಣ ಮಸೀದಿ ಬಸದಿಗಳಿಂದಲೂ ಮೊದಲುಮಾಡುವುದು ಲೇಸು, ಏಕೆಂದರೆ ದೊಡ್ಡ ಕ್ಷೇತ್ರಗಳಿಗೆ ವಕೀಲರಿದ್ದಾರೆ, ಇವಕ್ಕೆ ಇಲ್ಲ. ಊರಿನಲ್ಲಿ ಎಲ್ಲೆಕಲ್ಲುಗಳನ್ನು ಬಲ್ಲ ಹಿರಿಯರು ಇನ್ನೂ ಕೆಲವರು ಉಳಿದಿರುವಾಗಲೇ ಸರ್ವೆಯವರು ಸರಪಣಿ ಹಿಡಿದು ಹೊರಡುವುದಾದರೆ ಅವರ ಮಾತೂ ದಾಖಲೆಗೆ ಬಂದೀತು.